ಹಾಳೆಯ ಮೇಲಿನ ಸುಕ್ಕು

"ಇಲ್ಲಿ ಕಣ್ಣಿಟ್ಟು ನೋಡಪ್ಪ" ಎಂದಳು ಯಶೋಧಾ. ಮಂಟಯ್ಯ ಸೂಕ್ಷ್ಮದರ್ಶಕಕ್ಕೆ ಬಾಗಿದ. ತೆಳು ರಬ್ಬರ್ ಹಾಳೆಯ ಮೇಲೆ ಅವನ ಹೆಂಡತಿಯ ಜೀವಕೋಶಗಳಿದ್ದವು. ಮಗಳ ಪೋಸ್ಟ್‌ಡಾಕ್ಟರಲ್ ಸಂಶೋಧನೆಗೆಂದು ಸಿದ್ದಲಿಂಗಮ್ಮ ತೋಳಿನ ಚರ್ಮದ ಚೂರೊಂದನ್ನು ಕೊಟ್ಟಿದ್ದಳು. ಅವಳನ್ನು ಮಣ್ಣು ಮಾಡಿ ತಿಂಗಳಾಗಿತ್ತು.

"ಹಾಳೆ ಯಾಕವ್ವ ಹಿಂಗೆ ಸುಕ್ಕಾಗೈತೆ?"

"ಅವ್ವನ ಜೀವಕೋಶಗಳು ಅದನ್ನ ಎಳೀತಾವೆ ಕಣಪ್ಪ. ಎಷ್ಟು ಜೋರಾಗಿ ಎಳೀತಾವೆ ಅಂತ ಅಳೀತೀನಿ. ಚೆನ್ನಾಗಿ ಸಾಕಿದ್ರೆ ಇನ್ನೂ ತಿಂಗಳುಗಟ್ಟಲೆ ಬದುಕ್ತಾವೆ." ಅಪ್ಪನಿಗೆ ಸಮಾಧಾನವಾದೀತೆಂದೇ ಅವಳು ಉದಯಗಿರಿಯ ಮನೆಯಿಂದ ಅವನನ್ನು ಲ್ಯಾಬಿಗೆ ಕರೆತಂದಿದ್ದಳು.

"ಸಾಯೋ ಗಂಟ ಬೋಗಾದಿ ಕಡೆ ಕಟ್ಟೋ ಕಟ್ಟಡಗಳಲ್ಲಿ ಗಾರೆ ಬಾಂಡ್ಲಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದ್ಲು" ಎಂದ ಮಂಟಯ್ಯ, ಕಣ್ಣು ತೆಗೆಯದೆ. "ಇವತ್ತೂ ಎಳೀತಾನೇ ಅವ್ಳೆ. ಸಾಕು ಕಣವ್ವ, ಬುಟ್ಬುಡು ಅವಳ್ನ."