ಜಗಳವಾಡುವವರಿಗೆ ಮಾತ್ರ

“ಮನೆ ನಿಮಗೇ ಕೊಡ್ತೀನಿ. ಆದ್ರೆ ನೀವಿಬ್ರೂ ಈಗ, ಇಲ್ಲೇ, ಒಂದ್ಸಲ ಜಗಳ ಆಡಿ ತೋರಿಸ್ಬೇಕು,” ಎಂದು ಸಮಾಜಶಾಸ್ತ್ರದ ಮೇಡಂ ಖಾಲಿ ಫ್ಲ್ಯಾಟಿನ ನಡುವೆ ಮಡಚುವ ಕುರ್ಚಿ ಬಿಡಿಸಿಕೊಂಡು ಕೂತರು. ಮನೆಯಲ್ಲಿದ್ದದ್ದು ಅದೊಂದೇ ಕುರ್ಚಿ. ಬೀಗದಕೈ ಅವರ ಮಡಿಲಲ್ಲಿತ್ತು.

ದರ್ಜಿ ಕೆಲಸದ ಹೆಂಡತಿ, ಪುಸ್ತಕ ಬೈಂಡ್ ಮಾಡುವ ಗಂಡನ ಮುಖ ನೋಡಿದಳು. ಗಂಡ ದಲ್ಲಾಳಿಯ ಮುಖ ನೋಡಿದ. ದಲ್ಲಾಳಿಗೆ ನೋಡಲು ಯಾರೂ ಉಳಿದಿರಲಿಲ್ಲವಾದ್ದರಿಂದ ಅಡುಗೆಮನೆಯ ನಲ್ಲಿ ತಿರುಗಿಸಿ, ನೀರು ಚೆನ್ನಾಗಿ ಬರುತ್ತದೆ ಎಂದು ತೋರಿಸಿದ.

“ಮೊದಲೇ ಹೇಳ್ಬೇಕಿತ್ತು ಅಕ್ಕಾ,” ಎಂದ. “ಈ ಕಟ್ಟಡ ಪೂರ್ತಿ ಮೇಡಂ ಡಿಪಾರ್ಟ್‌ಮೆಂಟಿಂದು. ದಾಂಪತ್ಯದ ಮೇಲೆ ಸಂಶೋಧನೆ ನಡೀತಿದೆ. ಕೆಳಗಿನ ಮನೆ ಅನ್ಯೋನ್ಯವಾಗಿರೋರಿಗೆ, ಮೇಲಿಂದು ಮಾತು ಬಿಟ್ಟೋರಿಗೆ, ಇದು ಜಗಳ ಆಡೋರಿಗೆ. ಅದಕ್ಕೇ ಇಷ್ಟು ಅಗ್ಗ.”

“ಮೊದಲಿದ್ದೋರು ಎಲ್ಲಿ ಹೋದ್ರು?” ಎಂದು ಹೆಂಡತಿ ಕೇಳಿದಳು.

“ಪಾಪ, ರಾಜಿಯಾಗ್ಬಿಟ್ರು. ಕರಾರಿನ ಪ್ರಕಾರ ಮನೆ ವಾಪಸ್ ಕೊಡ್ಬೇಕಾಯ್ತು. ಕೈ ಕೈ ಹಿಡ್ಕೊಂಡು ಅಳ್ತಾ ಮೆಟ್ಟಿಲು ಇಳಿದ್ರು.”

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಅಂಥದ್ದು ನಮಗೆ ಉಪಯೋಗ ಇಲ್ಲ,” ಎಂದು ಮೇಡಂ ಮೆಲ್ಲಗೆ ಸೇರಿಸಿದರು. “ಬೆಳಿಗ್ಗೆ ಕಾಫಿ ಹೊತ್ತಿಗೂ ಸ್ವಲ್ಪ ಉಳಿದಿರ್ಬೇಕು.”

ಎದ್ದು ಹೋಗಿಬಿಡಬಹುದಿತ್ತು, ಹೋಗಲು ಬೇರೆ ಜಾಗ ಇದ್ದಿದ್ದರೆ. ವಿಶ್ವವಿದ್ಯಾಲಯದ ಆ ಊರನ್ನು ಇಬ್ಬರೂ ಚಪ್ಪಲಿ ಸವೆಯುವಷ್ಟು ಸುತ್ತಿದ್ದರು. ಕಾನೂನು ಮೇಷ್ಟ್ರುಗಳ ಬಡಾವಣೆಯಲ್ಲಿ ಮನೆಯ ಮುಂಬಾಗಿಲು ಯಾವುದೆಂದು ಮಾಲೀಕ ಅಣ್ಣತಮ್ಮಂದಿರ ವಾದ ಮುಗಿಯದೆ ಒಳಗೇ ಹೋಗಲಾಗಲಿಲ್ಲ. ವೈದ್ಯರ ಗುಡ್ಡದಲ್ಲಿ ಲಿಫ್ಟು ಮೇಲೆ ಹೋಗುವಷ್ಟರಲ್ಲಿ ಮೂವರು ಗಂಡನ ನಾಲಿಗೆ ನೋಡಿದರು. ತತ್ವಶಾಸ್ತ್ರದವರ ಓಣಿಯಲ್ಲಿ ಈ ಮನೆ ನಿಮ್ಮದೇ ಏನ್ರಿ ಎಂದು ಕೇಳಿದ್ದಕ್ಕೆ ಮುದುಕರೊಬ್ಬರು ಕಣ್ಣೀರು ಹಾಕಿದರು. ಇತ್ತ ಇವರಿದ್ದ ನೆಲಮಾಳಿಗೆಯನ್ನು ಕೆಡವುವವರು ಆಗಲೇ ಗೋಡೆಗೆ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಜಗಳವೋ ಕದನವೋ, ತಲೆಯ ಮೇಲೊಂದು ಸೂರು ಬೇಕಿತ್ತು.

ಹೆಂಡತಿ ಸೆರಗು ಸಿಕ್ಕಿಸಿದಳು. ಘಟಿಕೋತ್ಸವದ ಗೌನು ಹೊಲಿದು ಹೊಲಿದು ಗಟ್ಟಿಯಾದ ಕೈಯನ್ನು ಕೋಣೆಯ ಒಂದೇ ದೊಡ್ಡ ಕಿಟಕಿಯ ಕಡೆ ಚಾಚಿದಳು.

“ನನ್ನ ಹೊಲಿಗೆ ಮೆಷಿನ್ನು ಆ ಕಿಟಕಿ ಹತ್ರ ಇಡ್ತೀನಿ.”

“ಹಾಗೇ ಆಗ್ಲಿ,” ಎಂದ ಗಂಡ.

“ರೀ, ಬೇಡ ಅನ್ನಿ.”

“ನೀನು ಹೇಳಿದ್ಮೇಲೆ ಸರಿಯಾಗೇ ಇರುತ್ತೆ.”

“ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರೆ ಹೇಗ್ರಿ? ಮನೆ ಕೈ ತಪ್ಪುತ್ತೆ. ಗೋಡೆಗೆ ಹಸಿರು ಬಣ್ಣ ಹೊಡೆಸ್ತೀನಿ. ನನ್ನ ಅಕ್ಕನ್ನ ಇಲ್ಲೇ ಇಟ್ಕೋತೀನಿ.”

“ಹಾಗೇ ಆಗ್ಲಿ.”

ಮೇಡಂ ಗಡಿಯಾರ ನೋಡಿ, ಬೀಗದಕೈಯನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಹೆಂಡತಿಗೆ ಆಗ ನಿಜವಾಗಿಯೇ ಸಿಟ್ಟು ನೆತ್ತಿಗೇರಿತು. “ಮದುವೆ ಆದಾಗಿಂದ ಇದೇ ಮಾತು. ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ ಒಬ್ಳೇ ಬಡ್ಕೊಂಡೆ. ಈ ಮನುಷ್ಯನಿಗೆ ಒಂದಾದ್ರೂ ಬೇಕು ಅಂತ ಇದೆಯೋ ಇಲ್ವೋ, ಇವತ್ತಿನ ತನಕ ನಂಗೊತ್ತಿಲ್ಲ!”

ಗಂಡ ಕಿಟಕಿಯ ಕಡೆ ತಿರುಗಿದ. ಆಮೇಲೆ, ಯಾರದೋ ಮನೆಯ ವಿಷಯ ಹೇಳುವವನಂತೆ, “ಆ ಕಿಟಕಿ ನಂಗೆ ಬೇಕು,” ಎಂದ.

“ಏನಂದ್ರಿ?”

“ಕಿಟಕಿ. ನೆಲಮಾಳಿಗೆಯಲ್ಲಿದ್ದ ಒಂದು ಕಿಂಡೀನೂ ನಿನ್ನ ಮೆಷಿನ್ನಿಗೇ ಹೋಯ್ತು. ನಾನು ಬಲ್ಬಿನ ಕೆಳಗೆ ಕೂತು ಊರೋರ ಥೀಸಿಸ್ಸೆಲ್ಲ ಹೊಲಿದೆ. ಈಗ ಸೂಜಿ ಕಣ್ಣೇ ಕಾಣಲ್ಲ. ಬೆರಳಲ್ಲಿ ತಡವಿ ದಾರ ಪೋಣಿಸ್ತೀನಿ.”

“ಅಯ್ಯೋ, ಹೇಳೋಕೇನಾಗಿತ್ತು?”

“ನೀನೆಲ್ಲಿ ಕೇಳ್ತೀಯ? ತೀರ್ಪು ಕೊಡ್ತೀಯ. ಹಸಿರು ಬಣ್ಣ ಕಂಡ್ರೆ ನಂಗಾಗಲ್ಲ. ಅಕ್ಕ ಬರ್ಲಿ, ಆದ್ರೆ ನನ್ನ ದಿಂಬು ಕೊಡಲ್ಲ. ಅಡುಗೆಗೆ ಉಪ್ಪು ಯಾವತ್ತೂ ಕಮ್ಮಿ. ಮತ್ತೆ ಭಾನುವಾರ ನಿನ್ಜೊತೆ ಸುಮ್ನೆ ಒಂದಷ್ಟು ದೂರ ನಡ್ಕೊಂಡು ಹೋಗ್ಬೇಕು ಅನ್ಸುತ್ತೆ. ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ. ನೀನು ಪರದೆ ಒಗೀತಿರ್ತೀಯ.”

ಅವನು ಬಾಗಿಲಲ್ಲಿ ನಿಂತಿರುತ್ತಿದ್ದದ್ದು ಅವಳಿಗೆ ನೆನಪಾಯಿತು. ಗಾಳಿಗೆ ನಿಂತಿದ್ದಾನೆ ಅಂದುಕೊಂಡಿದ್ದಳು.

“ಸಾಕು, ಸಾಕು, ಬಹಳ ಚೆನ್ನಾಗಿತ್ತು,” ಎಂದು ಮೇಡಂ ಗಡಿಬಿಡಿಯಲ್ಲಿ ಎದ್ದು ಬೀಗದಕೈ ಮುಂದೆ ಹಿಡಿದರು. “ಬೇಗ ತಗೊಳ್ಳಿ. ಇನ್ನು ಸ್ವಲ್ಪ ಮುಂದುವರಿದ್ರೆ ರಾಜಿಯಾಗುತ್ತೆ. ಆಮೇಲೆ ನಾನು ಕೊಡೋ ಹಾಗಿಲ್ಲ.”

“ತಗೊಳ್ಳಿ ಅಕ್ಕಾ, ತಗೊಳ್ಳಿ,” ಎಂದು ದಲ್ಲಾಳಿ ಹಿಂದಿನಿಂದ ಪಿಸುಗುಟ್ಟಿದ.

ಅವಳು ಕೈ ಚಾಚಿದಳು. ಬೀಗದಕೈಯನ್ನು ದಾಟಿ ಕುರ್ಚಿಯನ್ನು ಎಳೆದುಕೊಂಡಳು, ಅದನ್ನು ಕಿಟಕಿಯ ಬೆಳಕಿಗೆ ಹಾಕಿದಳು, ಗಂಡನ ಭುಜ ಹಿಡಿದು ಕೂರಿಸಿದಳು.

“ಹ್ಞೂಂ, ಹೇಳಿ,” ಎಂದಳು. “ಭಾನುವಾರ ಎಲ್ಲಿಗೆ ಹೋಗ್ಬೇಕು ಅಂತಿತ್ತು?”