ಬಾಗಿಲ ಮೇಲಿನ ಗೀರು

"ಇವತ್ತು ನಿಮ್ಮ ಬಣ್ಣ ಬಯಲಾಗುತ್ತೆ ಮೇಷ್ಟ್ರೇ, ಕಣ್ಬಿಟ್ಟು ನೋಡಿ" ಎನ್ನುತ್ತಾ ಗೋಡೌನ್ ಸೂಪರ್‌ವೈಸರ್ ಟಿ.ವಿ. ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಮನೆ ಮುಂದೆ ನಿಲ್ಲಿಸುವ ಹೊಸ ಕಾರಿನ ಬಾಗಿಲಿಗೆ ದಿನಕ್ಕೊಂದು ಗೀರು ಬೀಳುತ್ತಿತ್ತು. ಅವನ ಗುಮಾನಿ ಪಕ್ಕದ ಮನೆಯ ಮೇಷ್ಟ್ರ ಮೇಲೆ. ಅದಕ್ಕೇ ಗೇಟಿಗೆ ಕ್ಯಾಮೆರಾ ಹಾಕಿಸಿ, ಅವರನ್ನೇ ಕರೆಸಿ ಕೂರಿಸಿದ್ದ.

ಅವನ ಹೆಂಡತಿ ರಿಮೋಟ್ ಒತ್ತಿದಳು. ಪರದೆಯ ಮೇಲೆ ಕಾರು, ಪಕ್ಕದಲ್ಲೇ ಗೋಡೆ, ನಡುವೆ ಒಬ್ಬರು ತೂರುವಷ್ಟೇ ಸಂದಿ. ಬೆಕ್ಕೊಂದು ಹಾದುಹೋಯಿತು. ಆಮೇಲೆ ಒಬ್ಬ ಬಂದ. ಹೊಟ್ಟೆ ಒಳಗೆಳೆದುಕೊಂಡು ಸಂದಿಗೆ ತೂರಿ, ಹಳೆಯ ಗೀರುಗಳನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಾ ಮುಂದೆ ಸರಿದ. ಅವನ ಬೆಲ್ಟಿಗೆ ಸಿಕ್ಕಿಸಿದ್ದ ಗೋಡೌನಿನ ಕೀಲಿಗೊಂಚಲು ಬಾಗಿಲಿನುದ್ದಕ್ಕೂ ಉಜ್ಜಿಕೊಂಡೇ ಬಂತು. ಅವನು ದಾಟಿದ ಮೇಲೆ ಅಲ್ಲೊಂದು ಹೊಸ ಗೀರು ಎದ್ದಿತ್ತು.

"ಇದು ನೀವೇ ಅಲ್ವೇನ್ರೀ?" ಎಂದಳು ಹೆಂಡತಿ.

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿದರು. ಅವರನ್ನು ತಡೆಯಲು ಸೂಪರ್‌ವೈಸರ್ ಒಂದು ಹೆಜ್ಜೆ ಮುಂದಿಟ್ಟ. ಸೊಂಟದ ಕೀಲಿಗಳು ಝಲ್ಲೆಂದವು. ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅಲ್ಲೇ ನಿಂತುಬಿಟ್ಟ.