ಗಂಜಿ ಪಾತ್ರೆಯಲ್ಲಿ ಬೇಸ್ ತಂತಿ

ಕುದಿಯುವ ನೀರಿಗೆ ಲೋಹದ ವಾಸನೆ ಸೇರಿದರೆ ಈಗಲೂ ನನಗೆ ಬರ್ ದುಬೈಯ ನಮ್ಮ ಅಡುಗೆಮನೆಯ ಒಂದು ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಹೋಟೆಲೊಂದರ ಬ್ಯಾಂಡಿನಲ್ಲಿ ಫಂಕ್, ಸೋಲ್ ಎಂಬ ಪಾಶ್ಚಾತ್ಯ ಕುಣಿತದ ಹಾಡುಗಳಿಗೆ ತಗ್ಗು ದನಿಯ ಬೇಸ್ ಗಿಟಾರ್ ನುಡಿಸುತ್ತಿದ್ದರು. ಬ್ಯಾಂಡಿಗೆ ಬೇಸ್ ಬೇಕೇ ಬೇಡವೇ ಎಂದು ಹೋಟೆಲಿನ ಹೊಸ ಮ್ಯಾನೇಜರ್ ಅಂದು ಸಂಜೆ ಅಪ್ಪ ನುಡಿಸುವುದನ್ನು ಕೇಳಿ ತೀರ್ಮಾನಿಸುವವರಿದ್ದರು. ಹೊಸ ತಂತಿ ಎಲ್ಲೂ ಸಿಕ್ಕಿರಲಿಲ್ಲ. ಬೆರಳಿನ ಜಿಡ್ಡು ಕುಳಿತು ಮಂಕಾಗಿದ್ದ ನಾಲ್ಕು ತಂತಿಗಳನ್ನೇ ಅಪ್ಪ ಸುರುಳಿ ಸುತ್ತಿ ಒಲೆಯ ಮೇಲೆ ಕುದಿಯಲು ಹಾಕಿದ್ದರು.

“ಅದು ನನ್ನ ಗಂಜಿ ಪಾತ್ರೆ ಮಾರಾಯ್ರೆ,” ಎಂದಳು ಅಮ್ಮ.

“ಹತ್ತೇ ನಿಮಿಷ. ಜಿಡ್ಡು ಬಿಟ್ರೆ ಸ್ವರ ಬರ್ತದೆ.”

“ಹಾಡಿನಲ್ಲಿ ನಿಮ್ಮ ಗಿಟಾರ್ ಕೇಳುದೇ ಇಲ್ಲ ಅಪ್ಪ,” ಎಂದೆ ನಾನು.

ಅಪ್ಪ ನಕ್ಕರು. ತಂತಿ ಒರೆಸಿ ಬಿಗಿದು, ನನ್ನ ಕೆನ್ನೆಯನ್ನು ಗಿಟಾರಿನ ಮರಕ್ಕೆ ಒತ್ತಿಸಿ, ಎಲ್ಲಕ್ಕಿಂತ ದಪ್ಪನೆಯದನ್ನು ಮೀಟಿದರು. ನನ್ನ ಹಲ್ಲುಗಳು ಜುಮ್ಮೆಂದವು.

“ಕೇಳುದು ಬೇಡ ಮಗಾ. ಕಾಲು ಅಲ್ಲಾಡಿದ್ರೆ ಸಾಕು,” ಎಂದು ನುಡಿಸುತ್ತಲೇ ಹೋದರು.

ನಾನು ತಿರುಗಿ ನೋಡಿದೆ. ನಮಗೆ ಬೆನ್ನು ಹಾಕಿ ಅಕ್ಕಿ ತೊಳೆಯುತ್ತಿದ್ದ ಅಮ್ಮನ ಹಿಮ್ಮಡಿ ನೆಲಕ್ಕೆ ತಾಳ ಹಾಕುತ್ತಿತ್ತು.

ಆ ಪಾತ್ರೆಯಲ್ಲಿ ಅಮ್ಮ ಮತ್ತೆಂದೂ ಗಂಜಿ ಬೇಯಿಸಲಿಲ್ಲ. ಅಪ್ಪ ಆ ಬ್ಯಾಂಡಿನಲ್ಲೇ ಉಳಿದ ಮುಂದಿನ ಹದಿನೆಂಟು ವರ್ಷ ಅದು ಅವರ ತಂತಿಗಳದ್ದೇ ಆಗಿತ್ತು.